ನಗುತ್ತಲೇ ಲೆಕ್ಕ ಇಡುವ ನೈಜೀರಿಯಾ

2018ರ ಫೆಬ್ರವರಿಯಲ್ಲಿ ನೈಜೀರಿಯಾದ ಪತ್ರಿಕೆಗಳಲ್ಲಿ ಒಂದು ವಿಚಿತ್ರ ಸುದ್ದಿ ಬಂತು. ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ನಡೆಸುವ ‘ಜ್ಯಾಂಬ್’ ಮಂಡಳಿಯ ಮಕುರ್ಡಿ ಕಚೇರಿಯಲ್ಲಿ 3 ಕೋಟಿ 60 ಲಕ್ಷ ನೈರಾ ಕಾಣೆಯಾಗಿತ್ತು. ತಪಾಸಣೆಗೆ ಬಂದವರು ಕೇಳಿದಾಗ, ದುಡ್ಡನ್ನು ಹಾವು ನುಂಗಿತು ಎಂದು ಅಲ್ಲಿನ ಗುಮಾಸ್ತೆ ಹೇಳಿದರಂತೆ. ಸಂಜೆಯಾಗುವುದರೊಳಗೆ ಟ್ವಿಟರಿನಲ್ಲಿ ಹಾವಿನ ಹೆಸರಿನಲ್ಲೇ ಖಾತೆಗಳು ಹುಟ್ಟಿಕೊಂಡವು. ನುಂಗಿದ್ದು ಅರಗಲಿಲ್ಲವೆಂದು ಹಾವು ಗೋಳಾಡಿತು, ತನ್ನ ಹೆಸರು ಕೆಡಿಸಿದವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡುವುದಾಗಿ ಬೆದರಿಸಿತು. ಆರ್ಥಿಕ ಅಪರಾಧಗಳ ತನಿಖಾ ಆಯೋಗವೂ ಸುಮ್ಮನಿರಲಿಲ್ಲ. ತನ್ನ ಲಾಂಛನದಲ್ಲಿರುವ ಹದ್ದು ದುಡ್ಡು ನುಂಗುವ ಹಾವುಗಳಿಗೆ ಕರುಣೆ ತೋರುವುದಿಲ್ಲವೆಂಬ ಅರ್ಥದ ಮಾತನ್ನು ತನ್ನ ಅಧಿಕೃತ ಖಾತೆಯಲ್ಲೇ ಹಾಕಿತು. ಶೆಹು ಸಾನಿ ಎಂಬ ಸೆನೆಟರ್ ಹಾವಾಡಿಗರನ್ನು ಕರೆದುಕೊಂಡು ಮಂಡಳಿಯ ಅಬುಜಾ ಕಚೇರಿಗೇ ಹೋದರು. ಹೊರಗಿನವರಿಗೆ ಇದೆಲ್ಲ ಕಂಡದ್ದು ಒಂದೇ ರೀತಿ: ಬಡ ವಿದ್ಯಾರ್ಥಿಗಳ ಶುಲ್ಕದ ಹಣ ಹೋಗಿದೆ, ಇವರಿಗೆ ನಗು ಬರುತ್ತಿದೆ.

ಈ ಗೊಣಗಾಟ ಹೊಸದಲ್ಲ, ನೈಜೀರಿಯಾದ ಒಳಗೂ ಕೇಳುವಂಥದ್ದೇ. ದುರಂತವನ್ನೂ ಹಗರಣವನ್ನೂ ಮೀಮ್ ಮಾಡಿ, ಒಂದು ದಿನ ನಕ್ಕು, ಮರುದಿನ ಪೆಟ್ರೋಲಿಗೆ ಸಾಲು ನಿಲ್ಲುವ ಜನರಿಂದ ರಾಜಕೀಯ ಬದಲಾದೀತೇ ಎಂದು ಅಲ್ಲಿನ ಅಂಕಣಕಾರರೇ ಬೇಸರಪಟ್ಟುಕೊಳ್ಳುತ್ತಾರೆ. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಅಲ್ಲಿನ ಸಾಮಾನ್ಯರು ಸುದ್ದಿಗೆ ಸ್ಪಂದಿಸಿದ ರೀತಿಯನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಆ ನಗೆಗೆ ಒಂದು ಕೆಲಸವಿದೆ. ಆಳುವವರ ಬಾಯಿಂದ ಜಾರಿದ ಮಾತನ್ನು ಎತ್ತಿಕೊಂಡು, ಅದನ್ನು ಹೆಸರಾಗಿ, ಬೈಗುಳವಾಗಿ, ದಿನಬಳಕೆಯ ನುಡಿಯಾಗಿ ಮಾಡಿ, ಅದು ಮರೆತುಹೋಗದಂತೆ ನೋಡಿಕೊಳ್ಳುವ ಕೆಲಸ. ತನಿಖಾ ವರದಿಗಳು ಕಪಾಟು ಸೇರುವ, ಲೆಕ್ಕಪರಿಶೋಧನೆಗೆ ಹಲ್ಲಿಲ್ಲದ, ಮೊಕದ್ದಮೆಗಳು ದಶಕಗಟ್ಟಲೆ ಎಳೆಯುವ ನಾಡಿನಲ್ಲಿ ಯಾರು ಏನೆಂದರು ಎಂಬ ಕಡತವನ್ನು ಬೇರೆ ಯಾರೂ ಇಡದಿದ್ದಾಗ ಜನ ನಗೆಯಲ್ಲಿ ಇಟ್ಟಿದ್ದಾರೆ.

ಗಾಡ್ಸ್‌ವಿಲ್ ಅಕ್ಪಾಬಿಯೋ ಅವರ ಉದಾಹರಣೆ ನೋಡಿ. 2020ರ ಜುಲೈನಲ್ಲಿ ಅವರು ನೈಜರ್ ಡೆಲ್ಟಾ ವ್ಯವಹಾರಗಳ ಸಚಿವರು. ತೈಲ ಸಿಗುವ ಆ ಪ್ರದೇಶದ ಅಭಿವೃದ್ಧಿ ಆಯೋಗದಲ್ಲಿ ಹಣ ಹೇಗೆ ಕರಗಿತೆಂದು ಸಂಸದೀಯ ಸಮಿತಿ ವಿಚಾರಣೆ ನಡೆಸುತ್ತಿತ್ತು, ನೇರ ಪ್ರಸಾರವಿತ್ತು. ಆಯೋಗದ ಹಂಗಾಮಿ ಮುಖ್ಯಸ್ಥರು ಪ್ರಶ್ನೆಗಳ ನಡುವೆಯೇ ಕುರ್ಚಿಯಲ್ಲಿ ಕುಸಿದರು. ಗುತ್ತಿಗೆಗಳಲ್ಲಿ ಬಹುಪಾಲು ಸಂಸತ್ ಸದಸ್ಯರಿಗೇ ಸಿಗುತ್ತಿವೆ ಎಂದು ಸಚಿವರು ಬಾಯಿಬಿಡುತ್ತಿದ್ದಂತೆ ಸಮಿತಿಯ ಕಡೆಯಿಂದ ಗಾಬರಿಯ ದನಿ ಎದ್ದಿತು: ಸಾಕು, ‘ಆಫ್ ಯುವರ್ ಮೈಕ್’. ಈ ಮೂರು ಪದ ಅಂದೇ ಟೀ ಶರ್ಟಿಗೆ, ಹಾಡಿಗೆ, ಗಂಡ ಹೆಂಡಿರ ಜಗಳಕ್ಕೆ ಹೋಯಿತು. 2023ರ ಜೂನ್‌ನಲ್ಲಿ ಅದೇ ಅಕ್ಪಾಬಿಯೋ ಸೆನೆಟ್ ಅಧ್ಯಕ್ಷರಾದರು. ಎರಡೇ ತಿಂಗಳಲ್ಲಿ, ರಜೆ ಚೆನ್ನಾಗಿ ಕಳೆಯಲೆಂದು ಎಲ್ಲರ ಖಾತೆಗೆ ಒಂದಿಷ್ಟು ‘ಟೋಕನ್’ ಹಾಕಲಾಗಿದೆ ಎಂದು ಸದನದಲ್ಲಿ ಹೇಳಿದ ಮೇಲೆ, ಇದು ನೇರ ಪ್ರಸಾರವಾಗುತ್ತಿದೆ ಎಂದು ಯಾರೋ ನೆನಪಿಸಿದರು. ಕೂಡಲೇ ಅವರು ಮಾತು ತಿರುಗಿಸಿ, ನಿಮ್ಮ ಅಂಚೆಪೆಟ್ಟಿಗೆಗೆ ಪ್ರಾರ್ಥನೆ ಕಳಿಸಿದ್ದೇನೆ ಎಂದರು. ಮೂರು ವರ್ಷದ ಹಿಂದಿನ ಮೈಕು ಮತ್ತೆ ಹೊರಗೆ ಬರಲು ನಿಮಿಷಗಳೂ ಬೇಕಾಗಲಿಲ್ಲ. ಯಾವ ಸುದ್ದಿಮನೆಯ ಗ್ರಂಥಾಲಯವೂ ಇಷ್ಟು ಬೇಗ ಹಳೆಯ ಪುಟ ತೆರೆದು ತೋರಿಸಲಾರದು. ಒಬ್ಬ ರಾಜಕಾರಣಿಯ ಎರಡು ಪ್ರಸಂಗಗಳನ್ನು ಜೋಡಿಸಿ ಸ್ವಭಾವವೊಂದನ್ನು ಗುರುತಿಸುವುದು ವಿಮರ್ಶೆಯ ಕೆಲಸವೇ. ಲಾಗೋಸಿನ ಬಸ್ಸಿನಲ್ಲಿ ಕುಳಿತವರು ಅದನ್ನು ಪಿಜಿನ್ ಎಂಬ ಬೆರಕೆ ಇಂಗ್ಲಿಷಿನಲ್ಲಿ ಮಾಡುತ್ತಾರೆ, ಅಷ್ಟೇ.

ಇದಕ್ಕೆ ಅಂತರ್ಜಾಲಕ್ಕಿಂತ ಹಳೆಯ ಬೇರುಗಳಿವೆ. ಪತ್ರಿಕೆ ಮಾರುವ ಅಂಗಡಿಗಳ ಮುಂದೆ, ಕೊಳ್ಳದೆ ತಲೆಬರಹ ಓದಿ ವಾದಕ್ಕಿಳಿಯುವವರಿಗೆ ಆ ದೇಶದಲ್ಲಿ ‘ಫ್ರೀ ರೀಡರ್ಸ್ ಅಸೋಸಿಯೇಷನ್’ ಎಂಬ ಗಂಭೀರ ಹೆಸರೇ ಇತ್ತು. ಉತ್ತರದ ಹೌಸಾ ಊರುಗಳಲ್ಲಿ ಸಂಜೆ ಗಂಡಸರು ರೇಡಿಯೊ ಮುಂದಿಟ್ಟುಕೊಂಡು ಸೇರುವ ‘ಮಜಲಿಸಾ’ ಹರಟೆಕಟ್ಟೆಗಳು ಈಗಲೂ ಇವೆ. ವಿದ್ಯುತ್ ಪ್ರಾಧಿಕಾರ ‘ನೇಪಾ’ದ ನಾಲ್ಕು ಅಕ್ಷರಗಳಿಗೆ ‘ಎಂದೂ ಕರೆಂಟು ನಿರೀಕ್ಷಿಸಬೇಡಿ’ ಎಂಬ ವಿಸ್ತರಣೆ ಕೊಟ್ಟವರು ಸ್ಮಾರ್ಟ್‌ಫೋನ್ ಕಂಡವರಲ್ಲ. ಅಧಿಕಾರ ಬಿಟ್ಟುಕೊಡುವ ದಿನವನ್ನು ಮುಂದೂಡುತ್ತಲೇ ಹೋದ ಸೇನಾ ಆಡಳಿತಗಾರ ಇಬ್ರಾಹಿಂ ಬಾಬಂಗಿಡಾರನ್ನು ಜನ ‘ಮರಡೋನಾ’ ಎಂದರು, ಎಲ್ಲರನ್ನೂ ಡ್ರಿಬಲ್ ಮಾಡಿ ದಾಟುತ್ತಾರೆಂದು. 1993ರ ಜೂನ್ 12ರ ಚುನಾವಣೆಯನ್ನೇ ಅವರು ರದ್ದು ಮಾಡಿದಾಗ ಅಡ್ಡಹೆಸರು ಭವಿಷ್ಯವಾಣಿಯಂತೆ ಕಂಡಿರಬೇಕು. ಪತ್ರಿಕೆಗಳ ಬಾಯಿ ಕಟ್ಟಿದ್ದ ಆ ದಿನಗಳಲ್ಲಿ ಅಡ್ಡಹೆಸರೇ ಸಂಪಾದಕೀಯ. ಫೋನು ಮಾಡಿದ್ದೆಂದರೆ, ಆಡಿ ಮರೆಯಾಗುತ್ತಿದ್ದ ಆ ಮಾತಿಗೆ ದಿನಾಂಕ ಮತ್ತು ವಿಡಿಯೊ ಅಂಟಿಸಿದ್ದು.

ನಗೆ ಸಿಟ್ಟನ್ನು ಆರಿಸಿಬಿಡುತ್ತದೆ, ಬೀದಿಗೆ ಇಳಿಯಬೇಕಾದವರು ಮೀಮ್ ಹಾಕಿ ಹಗುರಾಗುತ್ತಾರೆ ಎಂಬುದು ಮೊದಲ ಆಕ್ಷೇಪ. ಕೇಳಲು ಒಪ್ಪುವಂತಿದೆ, ಆದರೆ ಘಟನೆಗಳು ಇದನ್ನು ಎತ್ತಿ ಹಿಡಿಯುವುದಿಲ್ಲ. 2012ರ ಜನವರಿ 1ರಂದು ಗುಡ್‌ಲಕ್ ಜೊನಾಥನ್ ಸರ್ಕಾರ ಪೆಟ್ರೋಲ್ ಸಬ್ಸಿಡಿ ತೆಗೆದು, ಲೀಟರಿಗೆ 65 ನೈರಾ ಇದ್ದ ದರ 141ರ ಆಸುಪಾಸಿಗೆ ಏರಿದಾಗ, ಮೊದಲು ಹರಿದದ್ದು ಲೇವಡಿ. ಆಮೇಲೆ ಅದೇ ಜನ ‘ಆಕ್ಯುಪೈ ನೈಜೀರಿಯಾ’ ಹೆಸರಿನಲ್ಲಿ ಬೀದಿಯಲ್ಲಿದ್ದರು, ಕಾರ್ಮಿಕ ಸಂಘಗಳು ಮುಷ್ಕರ ಹೂಡಿದವು, 16ನೇ ತಾರೀಕಿಗೆ ದರ 97ಕ್ಕೆ ಇಳಿಯಿತು. 2023ರ ನವೆಂಬರಿನಲ್ಲಿ ಪೂರಕ ಬಜೆಟ್ಟಿನಲ್ಲಿ ಅಧ್ಯಕ್ಷರ ವಿಹಾರನೌಕೆಗೆಂದು 500 ಕೋಟಿ ನೈರಾ ಇಟ್ಟದ್ದನ್ನು ಯಾರೋ ಓದಿ ಹೇಳಿದರು. ನಗೆಯ ಅಲೆ ಎಷ್ಟು ಜೋರಾಗಿತ್ತೆಂದರೆ ಕೆಳಮನೆ ಆ ಹಣವನ್ನು ವಿದ್ಯಾರ್ಥಿ ಸಾಲದ ನಿಧಿಗೆ ತಿರುಗಿಸಿತು. ಇವು ಸಣ್ಣ ಗೆಲುವುಗಳೇ. ಆದರೂ ನಗೆ ಸಿಟ್ಟನ್ನು ಆರಿಸಿತು ಎನ್ನಲು ಇಲ್ಲಿ ಆಧಾರವಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ 2020ರ ಅಕ್ಟೋಬರಿನದು. ದರೋಡೆ ತಡೆಗೆಂದು 1992ರಲ್ಲಿ ಕಟ್ಟಿದ ‘ಸಾರ್ಸ್’ ಪೊಲೀಸ್ ಪಡೆ, ಒಳ್ಳೆಯ ಫೋನು ಹಿಡಿದ ಯುವಕರನ್ನೆಲ್ಲ ಹಿಡಿದು ಹಣ ಕೀಳುವ, ಹಿಂಸಿಸುವ, ಕೊಲ್ಲುವ ಪಡೆಯಾಗಿ ಕುಖ್ಯಾತವಾಗಿತ್ತು. ಪ್ರತಿಭಟನೆ ಭುಗಿಲೆದ್ದ ಮೂರೇ ದಿನದಲ್ಲಿ, ಅಂದರೆ 11ರಂದು, ಪೊಲೀಸ್ ಮುಖ್ಯಸ್ಥರು ಪಡೆಯನ್ನು ವಿಸರ್ಜಿಸಿರುವುದಾಗಿ ಘೋಷಿಸಿದರು. ಬೇರೆ ಎಲ್ಲಿಯಾದರೂ ಜನ ಗೆದ್ದೆವೆಂದು ಮನೆಗೆ ಹೋಗುತ್ತಿದ್ದರು. ಇವರು ಹೋಗಲಿಲ್ಲ. ಯಾಕೆಂದರೆ 2017ರ ಪುನರ್ರಚನೆಯ ಆದೇಶ, 2018ರ ಸುಧಾರಣೆಯ ಆದೇಶ, 2019ರ ವಿಕೇಂದ್ರೀಕರಣ, ಅದೇ ತಿಂಗಳ ಮೊದಲ ವಾರದಲ್ಲಿ ಗಸ್ತಿಗೆ ಹೇರಿದ ನಿಷೇಧ, ಇವೆಲ್ಲದರ ತಲೆಬರಹಗಳನ್ನು ಸಾಲಾಗಿ ಜೋಡಿಸಿದ ಚಿತ್ರಗಳು ಫೋನಿನಿಂದ ಫೋನಿಗೆ ಓಡಾಡುತ್ತಿದ್ದವು. ಪಡೆಯ ಹೊಸ ಹೆಸರು ‘ಸ್ವಾಟ್’ ಎಂದು ಪ್ರಕಟವಾದಾಗ ಅದಕ್ಕೂ ನಗೆಯೇ ಉತ್ತರ. ‘ಸೊರೊ ಸೋಕೆ’, ದನಿ ಎತ್ತಿ ಮಾತಾಡು ಎಂಬ ಯೊರುಬಾ ಕೂಗು ಆ ತಲೆಮಾರಿಗೇ ಹೆಸರಾದದ್ದು ಆಗ. ಕೊಟ್ಟ ಮಾತಿನ ದಾಖಲೆ ಕೈಯಲ್ಲಿದ್ದವರು ಐದನೆಯ ಸಲ ಕೊಟ್ಟ ಅದೇ ಮಾತನ್ನು ನಂಬದಿರುವುದು ಸಹಜವಲ್ಲವೇ?

ಅಕ್ಟೋಬರ್ 20ರ ರಾತ್ರಿ ಲಾಗೋಸಿನ ಲೆಕ್ಕಿ ಟೋಲ್ ಗೇಟಿನಲ್ಲಿ ಸೈನಿಕರು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದರು. ಡಿಜೆ ಸ್ವಿಚ್ ಎಂಬ ಕಲಾವಿದೆ ಅದನ್ನು ಇನ್‌ಸ್ಟಾಗ್ರಾಮಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಸೇನೆ ಮೊದಲು ಪತ್ರಿಕಾ ವರದಿಗಳ ಮೇಲೆ ‘ಸುಳ್ಳು ಸುದ್ದಿ’ ಎಂಬ ಕೆಂಪು ಮುದ್ರೆ ಒತ್ತಿ ಟ್ವೀಟ್ ಮಾಡಿತು. ಆಮೇಲೆ ಸೈನಿಕರು ಅಲ್ಲಿದ್ದುದನ್ನು ಒಪ್ಪಿತು. ಶವಗಳೇ ಇಲ್ಲದ ಹತ್ಯಾಕಾಂಡ ಎಂದು ವಾರ್ತಾ ಸಚಿವ ಲಾಯ್ ಮೊಹಮ್ಮದ್ ಅಣಕಿಸಿದರು. ಲಾಗೋಸ್ ರಾಜ್ಯವೇ ನೇಮಿಸಿದ ನ್ಯಾಯಿಕ ಸಮಿತಿ 2021ರ ನವೆಂಬರಿನಲ್ಲಿ ಅದನ್ನು ಹತ್ಯಾಕಾಂಡವೆನ್ನಬಹುದು ಎಂದಿತು, ರಾಜ್ಯ ಸರ್ಕಾರ ತನ್ನ ಶ್ವೇತಪತ್ರದಲ್ಲಿ ಅದನ್ನು ತಳ್ಳಿಹಾಕಿತು. ಇಲ್ಲಿ ನಗೆ ನಿಂತುಹೋಗುತ್ತದೆ, ನಿಲ್ಲಲೇಬೇಕು. ಆದರೆ ನೆನಪಿಡುವ ಕೆಲಸ ನಿಲ್ಲಲಿಲ್ಲ. ಪ್ರತಿ ಅಕ್ಟೋಬರ್ 20ಕ್ಕೆ ಆ ವಿಡಿಯೊಗಳು ಮರಳುತ್ತವೆ, ಅಣಕಿಸಿದ ಸಚಿವರ ಮಾತೂ ಜೊತೆಗೆ.

ಈ ನೆನಪು ನಿರುಪದ್ರವಿಯಾಗಿದ್ದರೆ ಸರ್ಕಾರಗಳು ಇಷ್ಟು ಕಂಗಾಲಾಗುತ್ತಿರಲಿಲ್ಲ. ಮುಹಮ್ಮದು ಬುಹಾರಿ 1984ರಲ್ಲಿ ಸೇನಾ ಆಡಳಿತಗಾರರಾಗಿದ್ದಾಗ, ಅಧಿಕಾರಿಗಳಿಗೆ ಮುಜುಗರ ತರುವ ಸುಳ್ಳು ಬರಹವನ್ನು ಅಪರಾಧವಾಗಿಸುವ ‘ಡಿಕ್ರಿ 4’ ಹೊರಡಿಸಿ ‘ಗಾರ್ಡಿಯನ್’ ಪತ್ರಿಕೆಯ ಇಬ್ಬರು ವರದಿಗಾರರನ್ನು ಜೈಲಿಗಟ್ಟಿದ್ದರು. ಚುನಾಯಿತ ಅಧ್ಯಕ್ಷರಾಗಿ ಮರಳಿದ ಅವರ 2021ರ ಟ್ವೀಟೊಂದನ್ನು, ಅಂತರ್ಯುದ್ಧದ ದಿನಗಳನ್ನು ನೆನಪಿಸಿ ಬೆದರಿಸುವಂತಿದ್ದ ಟ್ವೀಟನ್ನು, ಕಂಪನಿ ಅಳಿಸಿತು. ಎರಡು ದಿನಕ್ಕೆ, ಜೂನ್ 4ರಂದು, ಸರ್ಕಾರ ಟ್ವಿಟರನ್ನೇ ನಿಲ್ಲಿಸಿತು. ನಿಷೇಧದ ಪ್ರಕಟಣೆಯನ್ನು ವಾರ್ತಾ ಇಲಾಖೆ ಹಾಕಿದ್ದು ಟ್ವಿಟರಿನಲ್ಲೇ, ಇದಕ್ಕಿಂತ ಒಳ್ಳೆಯ ಹಾಸ್ಯವನ್ನು ಯಾವ ಹಾಸ್ಯಗಾರನೂ ಬರೆಯಲಾರ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಜನ ವಿಪಿಎನ್ ಹಾಕಿಕೊಂಡು, ನೆದರ್ಲೆಂಡ್ಸಿನಿಂದಲೋ ಕೆನಡಾದಿಂದಲೋ ಮಾತಾಡುತ್ತಿರುವಂತೆ ‘ಇಲ್ಲಿ ತುಂಬ ಚಳಿ’ ಎಂದು ಛೇಡಿಸಿದರು. 2022ರ ಜನವರಿ 13ರಂದು ನಿಷೇಧ ತೆರವಾಯಿತು. ಆ ಜುಲೈನಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ ನಿಷೇಧವೇ ಕಾನೂನುಬಾಹಿರವೆಂದು ತೀರ್ಪಿತ್ತಿತು. 2015ರ ಸೈಬರ್ ಅಪರಾಧ ಕಾಯ್ದೆಯ 24ನೇ ಕಲಮು ಮಾತ್ರ ಬೇರೆ ಬೇರೆ ರೂಪದಲ್ಲಿ ಉಳಿದೇ ಇದೆ. ವರದಿಗಾರರಿಂದ ಹಿಡಿದು, ಟೊಮೆಟೊ ಪೇಸ್ಟ್ ತುಂಬ ಸಿಹಿಯೆಂದು ಫೇಸ್‌ಬುಕ್ಕಿನಲ್ಲಿ ಬರೆದ ಮಹಿಳೆಯವರೆಗೆ ಸೈಬರ್ ಕಾಯ್ದೆ ಕೈಚಾಚಿದೆ. 2024ರ ಹೊಸವರ್ಷಕ್ಕೆ ‘ನೋ ಗ್ರೀ ಫಾರ್ ಎನಿಬಡಿ’, ಯಾರಿಗೂ ಬಗ್ಗಬೇಡ ಎಂಬ ತಮಾಷೆಯ ಘೋಷಣೆ ಹಬ್ಬಿದಾಗ ಅದು ಅಪಾಯಕಾರಿ ಎಂದು ಪೊಲೀಸ್ ವಕ್ತಾರರು ಎಚ್ಚರಿಸಿದ್ದೂ ಉಂಟು.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಜಾಲತಾಣದಲ್ಲಿ ಮಾತಾಡುವ ನೈಜೀರಿಯಾ ಬಹುಪಾಲು ದಕ್ಷಿಣದ್ದು, ನಗರದ್ದು, ಇಂಗ್ಲಿಷ್ ಮತ್ತು ಪಿಜಿನ್ ಬಲ್ಲದ್ದು. ಮತ ಹಾಕುವ ನೈಜೀರಿಯಾ ಬೇರೆ ಎನ್ನುತ್ತಾರೆ. 2022ರಲ್ಲಿ ಲೇಬರ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಪೀಟರ್ ಓಬಿಯ ಬೆಂಬಲಿಗರನ್ನು ಎದುರಾಳಿಗಳು ‘ಒಂದು ಕೋಣೆಯಲ್ಲಿ ಕೂತು ಟ್ವೀಟ್ ಮಾಡುವ ನಾಲ್ಕು ಜನ’ ಎಂದು ಹಂಗಿಸಿದ್ದರು. ಆ ನಾಲ್ಕು ಜನ 2023ರ ಫೆಬ್ರವರಿ 25ರಂದು 61 ಲಕ್ಷ ಮತವಾದರು. ಹಿಂದಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಐದು ಸಾವಿರದಷ್ಟು ಮತ ಪಡೆದಿದ್ದ ಲೇಬರ್ ಪಕ್ಷ, ಬೋಲಾ ಟಿನುಬು ಅವರ ಕೋಟೆಯಾದ ಲಾಗೋಸಿನಲ್ಲೇ ಅವರನ್ನು ಹತ್ತು ಸಾವಿರದಷ್ಟು ಮತಗಳಿಂದ ಹಿಂದಿಕ್ಕಿತು. ಕೋಣೆಯ ಲೆಕ್ಕ ತಪ್ಪಿತ್ತು, ನಿಜ. ಆದರೆ ಟಿನುಬು 88 ಲಕ್ಷ ಮತ ಪಡೆದು ಗೆದ್ದರು, ಅತಿಕು ಅಬೂಬಕರ್ 70 ಲಕ್ಷದೊಂದಿಗೆ ಎರಡನೆಯವರಾದರು, ಓಬಿ ಮೂರನೆಯವರು. ಇದಕ್ಕಿಂತ ಕಹಿಯಾದ ಅಂಕಿ ಇನ್ನೊಂದಿದೆ: 9 ಕೋಟಿ 34 ಲಕ್ಷ ನೋಂದಾಯಿತ ಮತದಾರರಲ್ಲಿ ನೂರಕ್ಕೆ 27ರಷ್ಟು ಜನ ಮಾತ್ರ ಮತಗಟ್ಟೆಗೆ ಬಂದಿದ್ದರು. ನೋಂದಣಿ ಮಾಡಿಸಿದವರಲ್ಲಿ ನೂರಕ್ಕೆ ಸುಮಾರು 40 ಜನ 35ರೊಳಗಿನವರು. ಭದ್ರತೆಯ ಭಯ, ಮತಗಟ್ಟೆಗಳಲ್ಲಿನ ವಿಳಂಬ, ಚುನಾವಣೆಗೆ ಮುನ್ನ ಹೊಸ ನೋಟುಗಳ ಗೊಂದಲದಲ್ಲಿ ಕೈಯಲ್ಲಿ ಬಿಡಿಗಾಸಿಲ್ಲದ ಸ್ಥಿತಿ, ಕಾರಣಗಳು ಹಲವು. ಆದರೂ ನಗೆಗೆ ಕಾಲಿಲ್ಲ ಎಂಬ ಮಾತನ್ನು ಇಲ್ಲಿ ಪೂರ್ತಿ ಅಲ್ಲಗಳೆಯಲಾಗದು. ನೆನಪಿಡುವುದು ಬೇರೆ, ಹೋಗಿ ಸಾಲಿನಲ್ಲಿ ನಿಲ್ಲುವುದು ಬೇರೆ.

ಇನ್ನೊಂದನ್ನೂ ಮುಚ್ಚಿಡಬಾರದು. ನೆನಪಿಗೆ ಬಳಸುವ ದಾರಿಯಲ್ಲೇ ದ್ವೇಷವೂ ಸುಳ್ಳೂ ಬರುತ್ತವೆ. ಬುಹಾರಿ ಸತ್ತಿದ್ದಾರೆ, ಅಧಿಕಾರದಲ್ಲಿರುವುದು ಸುಡಾನಿನ ಜಿಬ್ರೀಲ್ ಎಂಬ ತದ್ರೂಪಿ ಎಂಬ ಪುಕಾರು ಎಷ್ಟು ಹಬ್ಬಿತೆಂದರೆ, 2018ರ ಡಿಸೆಂಬರಿನಲ್ಲಿ ಪೋಲೆಂಡಿಗೆ ಹೋಗಿದ್ದ ಅಧ್ಯಕ್ಷರೇ ತಾನು ತಾನೇ ಎಂದು ಹೇಳಬೇಕಾಯಿತು. 2022ರ ಮೇ ತಿಂಗಳಲ್ಲಿ ಸೊಕೊಟೊದ ಕಾಲೇಜೊಂದರಲ್ಲಿ, ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಡಿದ ಮಾತು ಧರ್ಮನಿಂದೆಯೆಂದು ವಿದ್ಯಾರ್ಥಿನಿಯೊಬ್ಬಳನ್ನು ಗುಂಪು ಕೊಂದಿತು. ಅತಿಕು ಅವರ ಖಾತೆಗಳಲ್ಲಿ ಖಂಡನೆ ಕಾಣಿಸಿಕೊಂಡು, ಉತ್ತರದ ಬೆಂಬಲಿಗರು ಮತ ಕೊಡುವುದಿಲ್ಲವೆಂದು ಮುಗಿಬಿದ್ದ ಮೇಲೆ ಮಾಯವಾಯಿತು. ಅಲ್ಲಿಯೂ ಸಾಮಾನ್ಯ ಜನರೇ ಪ್ರತಿಕ್ರಿಯಿಸುತ್ತಿದ್ದರು. 2023ರ ಮಾರ್ಚಿನಲ್ಲಿ ಲಾಗೋಸಿನ ಗವರ್ನರ್ ಚುನಾವಣೆಯ ಹೊತ್ತಿಗೆ ಇಗ್ಬೊ ಜನರನ್ನು ಹೊರಗಿನವರೆಂದು ಹೀಗಳೆದ ಪ್ರವಾಹ ಹರಿಯಿತು; ಇಗ್ಬೊ ಮುಖದವರೆಂದು ಕಂಡವರನ್ನು ಮತಗಟ್ಟೆಯಿಂದ ಓಡಿಸಿದ ಪ್ರಸಂಗಗಳೂ ನಡೆದವು. ಜನರ ನೆನಪು ತಾನಾಗಿಯೇ ನ್ಯಾಯದ ಕಡೆ ವಾಲುತ್ತದೆಂದು ನಂಬುವವರು ಈ ವಾರಗಳನ್ನು ಓದಿಕೊಳ್ಳಬೇಕು. ನನ್ನ ಮಟ್ಟಿಗೆ ಇದು ವಾದವನ್ನು ಒಡೆಯುವುದಿಲ್ಲ, ಕಿರಿದು ಮಾಡುತ್ತದೆ: ಆಳುವವರನ್ನು ಗುರಿ ಮಾಡಿದಾಗ ಈ ನಗೆಗೆ ದಾಖಲೆಯ ಗುಣವಿದೆ, ನೆರೆಯವರನ್ನು ಗುರಿ ಮಾಡಿದಾಗ ಅದೇ ಚುರುಕುತನ ಕಲ್ಲಾಗುತ್ತದೆ.

ಕೆಲವೊಮ್ಮೆ ಗುರಿಯಾದವರೇ ಬಾಣವನ್ನು ಕೈಗೆತ್ತಿಕೊಂಡು ಬಿಡುತ್ತಾರೆ. 2021ರ ಮಾರ್ಚಿನಲ್ಲಿ ಟಿನುಬು, ಐದು ಕೋಟಿ ಯುವಕರನ್ನು ಸೇನೆಗೆ ಸೇರಿಸಬೇಕು, ಅವರ ಊಟಕ್ಕೆ ಮರಗೆಣಸು, ‘ಅಗ್ಬಾಡೊ’ ಇದೆಯಲ್ಲ ಎಂದಿದ್ದರು. ಯೊರುಬಾದಲ್ಲಿ ಅಗ್ಬಾಡೊ ಎಂದರೆ ಮೆಕ್ಕೆಜೋಳ. ವಿರೋಧಿಗಳು ಅದನ್ನೇ ಹಿಡಿದು ಎರಡು ವರ್ಷ ಕಾಡಿದರು. ಕೊನೆಗೆ ಬೆಂಬಲಿಗರೇ ಮೆಕ್ಕೆಜೋಳದ ತೆನೆಯನ್ನು ಗುರುತಿನಂತೆ ಹೊತ್ತು ನಡೆದರು. 2022ರ ಜೂನ್‌ನಲ್ಲಿ ಅಬಿಯೊಕುಟಾದಲ್ಲಿ ಅವರು ಆಡಿದ ‘ಎಮಿ ಲೋಕಾನ್’, ಈಗ ನನ್ನ ಸರದಿ ಎಂಬ ಮಾತು, ಲೇವಡಿಯಿಂದ ಪ್ರಚಾರಗೀತೆಗೆ ಬಡ್ತಿ ಪಡೆಯಿತು. ಪಕ್ಷಗಳಿಂದ ಕಾಸು ಪಡೆದು ಹೊಗಳುವ, ಬೈಯುವ ‘ಡೇಟಾ ಬಾಯ್ಸ್’ ಕೂಡ ಈ ಸಂತೆಯಲ್ಲಿದ್ದಾರೆ. ಆದರೂ ಮಾತು ಪೂರ್ತಿ ಅವರದಾಗಲಿಲ್ಲ. 2023ರ ಮೇ 29ರಂದು ಪ್ರಮಾಣವಚನದ ದಿನವೇ ಟಿನುಬು ಸಬ್ಸಿಡಿ ಹೋಯಿತೆಂದು ಸಾರಿ, ಜುಲೈ ಹೊತ್ತಿಗೆ ಪೆಟ್ರೋಲ್ 617 ನೈರಾ ಮುಟ್ಟಿದಾಗ, ಅಮೆರಿಕದ ಗಾಯಕನ ಹೆಸರನ್ನು ಎರವಲು ತಂದು ಜನ ಅಧ್ಯಕ್ಷರನ್ನು ‘ಟಿ-ಪೇನ್’ ಎಂದರು. ನೋವಿನ ಆ ಹೆಸರನ್ನು ಧ್ವಜಕ್ಕೆ ಹಚ್ಚಿಕೊಳ್ಳಲು ಯಾವ ಬೆಂಬಲಿಗನೂ ಮುಂದೆ ಬರಲಿಲ್ಲ.

ನಗೆಯ ದಾಖಲೆಗೆ ಇರುವ ನಿಜವಾದ ಕೊರತೆ ನನ್ನ ದೃಷ್ಟಿಯಲ್ಲಿ ಬೇರೆ ಕಡೆ ಇದೆ. ಅದು ಮಾತನ್ನು ನೆನಪಿಡುತ್ತದೆ, ಸಂಖ್ಯೆಯನ್ನು ಅಷ್ಟಾಗಿ ಅಲ್ಲ. 2011ರಲ್ಲಿ ಆರಂಭವಾದ ‘ಬಜೆಟ್’ ಸಂಸ್ಥೆ ಸರ್ಕಾರದ ಆಯವ್ಯಯವನ್ನು ಸರಳ ಚಿತ್ರಗಳಾಗಿಸಿ ಹಂಚುತ್ತಿರುವುದು, ಯಾವ ಊರಿನ ಯಾವ ಆಸ್ಪತ್ರೆಗೆ ಎಷ್ಟು ಹಣ ಬರೆದಿತ್ತು, ಕಟ್ಟಡ ಎದ್ದಿತೇ ಎಂದು ಅದರ ‘ಟ್ರಾಕಾ’ ತಂಡ ಹಳ್ಳಿಗೆ ಹೋಗಿ ನೋಡುತ್ತಿರುವುದು ಈ ಕೊರತೆಯನ್ನು ತುಂಬಲಿಕ್ಕೇ. ಅಂಥ ಕೆಲಸಕ್ಕೆ ಹಾವಿಗೆ ಸಿಕ್ಕಷ್ಟು ಪ್ರೇಕ್ಷಕರು ಸಿಗುವುದಿಲ್ಲ.

2023ರ ಚುನಾವಣೆ ಇದನ್ನು ನಿಚ್ಚಳವಾಗಿ ತೋರಿಸಿತು. ಮತಗಟ್ಟೆಯ ಫಲಿತಾಂಶ ಪತ್ರಗಳನ್ನು ಚಿತ್ರ ತೆಗೆದು ಎಲ್ಲರೂ ನೋಡಬಹುದಾದ ‘ಐರೆವ್’ ತಾಣಕ್ಕೆ ಏರಿಸುವುದಾಗಿ ಚುನಾವಣಾ ಆಯೋಗ ಮೊದಲೇ ಮಾತು ಕೊಟ್ಟಿತ್ತು. ಅಧ್ಯಕ್ಷೀಯ ಮತದಾನದ ದಿನವೇ ಅದು ಕೈಕೊಟ್ಟಿತು, ಆಯೋಗ ತಾಂತ್ರಿಕ ತೊಡಕು ಎಂದಿತು. ‘ಗ್ಲಿಚ್’ ಎಂಬ ಪದ ಅಂದಿನಿಂದ ನೈಜೀರಿಯಾದಲ್ಲಿ ಬೈಗುಳ. ದೂರಿದವರಿಗೆಲ್ಲ ‘ಗೋ ಟು ಕೋರ್ಟ್’ ಎಂಬ ಉತ್ತರ ಸಿಕ್ಕಿತು, ಅದೂ ಜೋಕಾಗಿ ಇವತ್ತಿಗೂ ಬಾಳುತ್ತಿದೆ; ಸಾಲ ತೀರಿಸದವನೂ ಈಗ ಹಾಗೆಯೇ ಹೇಳುತ್ತಾನೆ. ತಡವಾಗಿ ಏರಿದ ಪತ್ರಗಳನ್ನು ಕೂಡಿಸಿ ನೋಡುವ ಬೇಸರದ ಕೆಲಸಕ್ಕೆ ಕೆಲವರು ಕೂತರು. ರಿವರ್ಸ್ ರಾಜ್ಯದ ಹಾಳೆಗಳನ್ನು ಬಿಬಿಸಿ ಕೂಡಿಸಿದಾಗ, ಟಿನುಬು ಗೆದ್ದರೆಂದು ಘೋಷಿಸಿದ್ದ ಆ ರಾಜ್ಯದಲ್ಲಿ ಓಬಿ ಮುಂದಿರುವಂತೆ ಮೊತ್ತ ಬಂತು. ಆದರೆ ಸೆಪ್ಟೆಂಬರ್ 6ರಂದು ನ್ಯಾಯಮಂಡಳಿ ತೀರ್ಪು ಓದಿದಾಗ, ಅರ್ಜಿದಾರರು ಅಕ್ರಮ ನಡೆದ ಮತಗಟ್ಟೆಗಳನ್ನು ನಿರ್ದಿಷ್ಟವಾಗಿ ಹೆಸರಿಸಿಲ್ಲ, ಸಾಕ್ಷಿಗಳ ಹೇಳಿಕೆಗಳನ್ನು ಅರ್ಜಿಯ ಜೊತೆಗೇ ಸಲ್ಲಿಸಿಲ್ಲ ಎಂಬ ಕಾರಣಗಳು ಮತ್ತೆ ಮತ್ತೆ ಬಂದವು. ಅಕ್ಟೋಬರ್ 26ರಂದು ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ದೇಶದಲ್ಲಿ 1,76,846 ಮತಗಟ್ಟೆಗಳಿವೆ. ಯಾವ ಮಂತ್ರಿ ಯಾವ ದಿನ ಏನೆಂದ ಎಂಬುದನ್ನು ಬಾಯಿಪಾಠ ಹೇಳಬಲ್ಲ ಲಕ್ಷಾಂತರ ಜನರಲ್ಲಿ, ತಮ್ಮ ಮತಗಟ್ಟೆಯ ಸಂಖ್ಯೆ ಹೇಳಿ, ಸಹಿಯಿರುವ ಹಾಳೆಯ ಪ್ರತಿ ತೋರಿಸಿ, ಸಾಕ್ಷಿಯ ಕಟಕಟೆ ಹತ್ತಬಲ್ಲವರು ಎಷ್ಟಿದ್ದಾರೆ ಎಂಬುದು 2027ರ ಚುನಾವಣೆಗೆ ಮುನ್ನ ಪಕ್ಷಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.